ಹರ್ಷದಾ ಕತ್ತರಿಸಿದ ಚಂದ್ರಕಾಳಿ

ನಮ್ಮ ಮಾಳಿಗೆಯ ಮೇಲಿನ ಮನೆಯ ಹರ್ಷದಾಗೆ ಹೆದರಲು ಕಾರಣವೇ ಬೇಕಾಗಿಲ್ಲ. ಕುಕ್ಕರ್ ಕೂಗಿದರೆ ಹೆದರುತ್ತಾಳೆ, ಕೂಗದಿದ್ದರೆ ಇನ್ನೂ ಹೆಚ್ಚು ಹೆದರುತ್ತಾಳೆ. ಆಟೋದವನು ಗೊತ್ತಿಲ್ಲದ ಗಲ್ಲಿಗೆ ತಿರುಗಿಸಿದರೆ ಮುಗಿಯಿತು, ಕಾಚಿಗೂಡ ಸ್ಟೇಷನ್ನು ಕಣ್ಣಿಗೆ ಬೀಳುವವರೆಗೆ ಬಾಯಲ್ಲಿ ರಾಯರ ಹೆಸರು. ಅವಳಿಗೆ ನಾನು ಮೌಶಿ, ಅಂದರೆ ಚಿಕ್ಕಮ್ಮ; ಚಿಕ್ಕವಳಿದ್ದಾಗ ನಾನು ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದೆ. ಈಗ ಇಪ್ಪತ್ತು ದಾಟಿದೆ. ಕತ್ತರಿ ಹಿಡಿದರೆ ಕೈ ಎಳ್ಳಷ್ಟೂ ಅಲುಗುವುದಿಲ್ಲ, ಕತ್ತರಿ ಕೆಳಗಿಟ್ಟಳೋ ಮತ್ತೆ ಅದೇ ಗುಬ್ಬಿ.

ನಾನು ಗೋದಾಬಾಯಿ. ಸರಕಾರಿ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು, ಮದುವೆ ಮಾಡಿಕೊಳ್ಳದೆ ಉಳಿದವಳು, ಹಾಗಾಗಿ ಓಣಿಯ ಮಕ್ಕಳೆಲ್ಲರ ಮೇಲೆ ಅಧಿಕಾರ ಚಲಾಯಿಸುವವಳು. ನಮ್ಮಜ್ಜ ನಿಜಾಮನ ಕಾಲದಲ್ಲಿ ಕಲಬುರಗಿ ಕಡೆಯಿಂದ ನೌಕರಿಗೆಂದು ಬಂದು ಇಲ್ಲೇ ಬೇರುಬಿಟ್ಟರು. ಮೇಲಿನ ಮನೆಯ ಪ್ರಹ್ಲಾದ ಧಾರವಾಡದಿಂದ ಬಂದವನು, ಅಬಿಡ್ಸ್‌ನ ಒಂದು ಪುಸ್ತಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಪುಸ್ತಕದ ಗಂಟು ಕೆಳಗಿಳಿಸಿ, ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಹೆಂಡತಿ ಮಂದಾಕಿನಿ ಅತ್ತು ಮುಗಿಸಿ, ಹಣೆಗೆ ಒಂದು ಸಣ್ಣ ಕರಿ ತಿಕಲಿ ಅಂಟಿಸಿಕೊಂಡು, ಪಿಕೋ ಮಷೀನಿನ ಮುಂದೆ ಕೂತಳು. ಅಂದಿನಿಂದ ಕಾಚಿಗೂಡದ ಅರ್ಧ ಹೆಂಗಸರ ಸೀರೆಗಳ ಫಾಲ್ ಅವಳದ್ದೇ. ಒಬ್ಬಳೇ ಮಗಳು ಹರ್ಷದಾ ಅವಳ ಮಗ್ಗುಲಲ್ಲಿ ಕೂತು ಬಟ್ಟೆಯ ಹುಚ್ಚು ಹಿಡಿಸಿಕೊಂಡಳು.

ಆ ಹುಚ್ಚಿಗೆ ತಕ್ಕ ಹಾಗೆ ನಾರಾಯಣಗೂಡದ ಕಮ್ಯುನಿಟಿ ಕಾಲೇಜಿನಲ್ಲಿ ಫ್ಯಾಷನ್ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತು. ಸುದ್ದಿ ಕೇಳಿ ನಮ್ಮ ಓಣಿಯ ಹನುಮಂತರಾಯರು ಕೇಳಿದ ಮೊದಲ ಪ್ರಶ್ನೆ, "ಯಾವ ಕಮ್ಯುನಿಟಿದವರದ್ರಿ ಅದು? ನಮ್ಮವರಿಗೆ ಸೇರಿಸ್ಕೋತಾರೇನು?" ಎಲ್ಲ ಜಾತಿಯವರಿಗೂ ಸೇರಿದ್ದು ಎಂದು ಹೇಳಿದರೆ, ಹಾಗಿದ್ದ ಮೇಲೆ ಆ ಹೆಸರು ಯಾಕೆ ಇಟ್ಟರೆಂದು ವಾದಕ್ಕೆ ನಿಂತರು. ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಚಹಾ ಆರಿಹೋಯಿತು.

ಮೊದಲ ವರ್ಷ ಹೇಗೋ ನಡೆಯಿತು. ಎರಡನೆಯ ವರ್ಷ ನಡೆಯಬೇಕಾದರೆ ವಿದ್ಯಾರ್ಥಿವೇತನ ಸಿಗಲೇಬೇಕಿತ್ತು. ಅದನ್ನು ಕೊಡುವವರು ಭವಾನಮ್ಮ ಎಂಬ ತೆಲುಗು ಹೆಣ್ಣುಮಗಳು. ಮದುವೆ ಉಡುಪುಗಳ ದೊಡ್ಡ ಸಂಸ್ಥೆಯ ಒಡತಿ. ಪ್ರತಿ ವರ್ಷ ಆ ಕಾಲೇಜಿನ ಇಬ್ಬರನ್ನು ಆರಿಸಿ ಓದಿನ ಖರ್ಚು ನೋಡಿಕೊಂಡು ತಮ್ಮ ಸಂಸ್ಥೆಯಲ್ಲೇ ತರಬೇತಿಗೆ ಕೂರಿಸಿಕೊಳ್ಳುತ್ತಾರೆ. ಆರಿಸಿಕೊಂಡರೆ ಹರ್ಷದಾ ಫ್ಯಾಷನ್ ಲೋಕದ ಒಳಗೆ ಕಾಲಿಟ್ಟ ಹಾಗೆ. ಇಲ್ಲದಿದ್ದರೆ ಅವಳಿಗೆ ಅವ್ವನ ಮಗ್ಗುಲಿನ ಚಾಪೆ, ಊರವರ ಸೀರೆ, ಫಾಲ್. ಬೇರೆ ಏನೂ ಇರಲಿಲ್ಲ.

ಈ ಸಲ ಭವಾನಮ್ಮ ಕೊಟ್ಟ ಕೆಲಸ ಕೇಳಲಿಕ್ಕೆ ಸರಳವಾಗಿತ್ತು. ನಿಮ್ಮ ನಿಮ್ಮ ಮನೆಯ ಮದುಮಗಳು ಏನು ಉಡುತ್ತಿದ್ದಳೋ ಅದರಿಂದ ಈಗಿನ ಹುಡುಗಿ ಉಡುವಂಥ ಒಂದು ಹೊಸ ಉಡುಪು ಮಾಡಿ ತನ್ನಿ. ಆರಿಸಿದ ಉಡುಪನ್ನು ಮದುವೆಗೆ ನಿಂತಿದ್ದ ಅವರ ಸ್ವಂತ ಮಗಳೇ ಉಡುತ್ತಾಳಂತೆ.

ಮಂದಾಕಿನಿ ಟ್ರಂಕು ತೆಗೆದು ತನ್ನ ಚಂದ್ರಕಾಳಿಯನ್ನು ಹೊರತಂದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಧಾರವಾಡದ ಕಡೆ ಮದುಮಗಳಿಗೆ ಒಂದು ಕರಿ ರೇಶಿಮೆ ಸೀರೆ ಇರಲೇಬೇಕಿತ್ತು. ಅಚ್ಚ ಕಪ್ಪು ಮೈ, ಕೆಂಪು ಅಂಚು, ಮೈತುಂಬ ಕಸೂತಿ. ಮಂದಾಕಿನಿಯ ಅಜ್ಜಿ ಎಳೆ ಎಣಿಸಿ, ಒಂದೂ ಗಂಟು ಹಾಕದೆ, ಗೋಪುರ, ತುಳಸಿಕಟ್ಟೆ, ಅಂಬಾರಿ ಆನೆಗಳನ್ನು ಅದರ ಮೇಲೆ ಹೊಲಿದಿದ್ದರು. ಮಂದಾಕಿನಿ ಅದನ್ನುಟ್ಟು ಪ್ರಹ್ಲಾದನ ಮನೆ ತುಂಬಿದ್ದಳು.

"ಕತ್ತರಿ ಹಾಕು," ಎಂದಳು ಮಗಳಿಗೆ. "ಟ್ರಂಕಿನಾಗ ಇದ್ದು ಏನ ಮಾಡೂದೈತಿ?"

ಹರ್ಷದಾ ಎರಡು ದಿನ ಸೀರೆಯ ಸುತ್ತ ತಿರುಗಿದಳು, ಮೂರನೆಯ ದಿನ ಕತ್ತರಿಸಿದಳು. ಮೊಣಕಾಲು ಮುಟ್ಟುವ, ಮುಂದೆ ತೆರೆದ ನಿಲುವಂಗಿ. ಅವರ ಭಾಷೆಯಲ್ಲಿ ಲಾಂಗ್ ಜಾಕೆಟ್. ಬೆನ್ನಿಗೆ ಗೋಪುರ ಬಂತು, ತೋಳಿಗೆ ಆನೆಗಳ ಸಾಲು, ಕೆಂಪು ಅಂಚು ಕೊರಳಿನಿಂದ ಕೆಳಗಿನವರೆಗೆ ಇಳಿಯಿತು. ನನಗೆ ಫ್ಯಾಷನ್ ಗೊತ್ತಿಲ್ಲ. ಆದರೂ ಅದನ್ನು ನೋಡಿ ನನ್ನ ಬಾಯಿ ಕಟ್ಟಿತು, ಅದು ಸಣ್ಣ ವಿಷಯವಲ್ಲ.

ಉಡುಪು ತೋರಿಸುವ ದಿನ ಕಾಲೇಜಿನ ಪಡಸಾಲೆಯಲ್ಲಿ ಗೆಳತಿ ನಿಖಿತಾ ಅದನ್ನು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವಳು ತೆಲುಗಿನವಳು. "ಪೆಳ್ಳಿಕೂತುರಿಕಿ ನಲ್ಲ ಬಟ್ಟಲಾ?" ಎಂದಳು. ಮದುಮಗಳಿಗೆ ಕಪ್ಪು ಬಟ್ಟೆಯೇ ಎಂದರ್ಥ. ಅವರಲ್ಲಿ ಮದುವೆ ಚಪ್ಪರದ ಕೆಳಗೆ ಕರಿ ಕರವಸ್ತ್ರ ಕಂಡರೂ ಮುದುಕಿಯರು ಮುಖ ತಿರುಗಿಸುತ್ತಾರಂತೆ. ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದು, ಓಣಿಯಲ್ಲೆಲ್ಲ ತೆಲುಗು ಮಾತಾಡಿ ಬೆಳೆದ ಹುಡುಗಿಗೆ ಇದು ಹೊಳೆದಿರಲೇ ಇಲ್ಲ. ಮನೆಯ ಟ್ರಂಕಿನಲ್ಲಿದ್ದ ಕಪ್ಪು ಮಂಗಳದ ಕಪ್ಪು, ಅದನ್ನು ಇನ್ನೊಬ್ಬರ ಕಣ್ಣಿನಿಂದ ನೋಡಬೇಕೆಂದು ತಾಯಿಗೂ ತೋಚಲಿಲ್ಲ, ಮಗಳಿಗೂ ತೋಚಲಿಲ್ಲ. ನನಗೂ ತೋಚಲಿಲ್ಲವೆನ್ನಿ.

ಹರ್ಷದಾ ಜಾಕೆಟ್ಟನ್ನು ಮಡಿಸಿ ಬಗಲಿಗೆ ಇಟ್ಟುಕೊಂಡಳು. ಓಡಿಹೋಗಬೇಕೆಂದುಕೊಂಡಳಂತೆ. ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು.

ಭವಾನಮ್ಮ ಕಪ್ಪು ನೋಡಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. ಆದರೆ ಅವರ ಮಗಳು ಎದ್ದು ಬಂದು, ಕೇಳದೆ ಹೇಳದೆ ಜಾಕೆಟ್ಟನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಮುಂದೆ ತಿರುಗಿದಳು, ಹಿಂದೆ ತಿರುಗಿದಳು, ತನ್ನ ಮದುವೆಗೆ ಇದೇ ಆಗಬೇಕೆಂದಳು. ಭವಾನಮ್ಮನ ಮುಖ ಸಣ್ಣದಾಯಿತು. ಅವರೇನು ಕೆಟ್ಟವರಲ್ಲ, ಒಬ್ಬಳೇ ಮಗಳ ತಾಯಿ. ಹರ್ಷದಾಳನ್ನು ಹತ್ತಿರ ಕರೆದು, ಇದು ನಿಮ್ಮ ತಾಯಿಯ ಮದುವೆ ಸೀರೆಯೇ, ಇದನ್ನೇ ಉಟ್ಟು ಗಂಡನ ಮನೆಗೆ ಬಂದರೇ ಎಂದು ತೆಲುಗಿನಲ್ಲಿ ಕೇಳಿದರು. ಹೌದೆಂದಳು. ಆಮೇಲೆ ಆ ಪ್ರಶ್ನೆ ಬಂತು.

"ಮೀ ನಾನ್ನಗಾರು ಏಂ ಚೇಸ್ತಾರಮ್ಮಾ?"

ನಿಮ್ಮ ತಂದೆ ಏನು ಮಾಡುತ್ತಾರೆ? ಪ್ರಶ್ನೆಯೊಳಗಿನ ಪ್ರಶ್ನೆ ಹರ್ಷದಾಗೆ ಅರ್ಥವಾಯಿತು. ಕರಿ ಸೀರೆ ಉಟ್ಟು ಬಂದ ಹೆಂಗಸು ಗಂಡನೊಡನೆ ಸುಖವಾಗಿದ್ದಾಳೆಂದರೆ ಕಪ್ಪಿನ ದೋಷ ಕಳೆಯಿತು, ಮಗಳು ಅದನ್ನು ಉಡಬಹುದು. ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು ಎನ್ನಬೇಕಾದರೆ ತೆಲುಗಿನಲ್ಲಿ ‘ಚೇಸೇವಾರು’ ಎನ್ನಬೇಕು. ಹುಡುಗಿಯ ಬಾಯಿಂದ ಬಂದದ್ದು, "ಅಬಿಡ್ಸ್‌ಲೋ ಬುಕ್ ಷಾಪುಲೋ ಪನಿ ಚೇಸ್ತಾರಂಡಿ." ಮಾಡುತ್ತಾರೆ. ಪರಭಾಷೆ, ಬಾಯಿ ತಪ್ಪಿತು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅವಳ ತೆಲುಗು ಅವಳ ಕನ್ನಡಕ್ಕಿಂತ ಚೊಕ್ಕಟವಾಗಿದೆ.

ಭವಾನಮ್ಮ ಉಸಿರು ಬಿಟ್ಟು ನಕ್ಕರು. ವಿದ್ಯಾರ್ಥಿವೇತನ ಹರ್ಷದಾಗೆ ಆಯಿತು.

ಮಂದಾಕಿನಿ ಓಣಿಗೆಲ್ಲ ಪೇಢೆ ಹಂಚಿದಳು. ಹುಡುಗಿ ಮಾತ್ರ ಊಟ ಬಿಟ್ಟಳು. ಕಾಲೇಜಿಗೆ ಅಬಿಡ್ಸ್ ಕಡೆಯ ಬಸ್ಸು ಹತ್ತುವುದನ್ನೂ ಬಿಟ್ಟಳು. ಭವಾನಮ್ಮ ಯಾವತ್ತಾದರೂ ಆ ಅಂಗಡಿಗೆ ಹೋಗಿ ಪ್ರಹ್ಲಾದ ಎಲ್ಲಿ ಎಂದು ಕೇಳಿದರೆ? ಫೋನು ಬಂದಾಗಲೆಲ್ಲ ಅವಳ ಮೇಲ್ದುಟಿಯ ಮೇಲೆ ಬೆವರು. ಸಂತೋಷಕ್ಕೆ ಹೀಗಾಗಿದೆಯೆಂದು ತಾಯಿ ತಿಳಿದುಕೊಂಡಳು. ನನಗೆ ಮಾತ್ರ ಇದು ಸಂತೋಷದ ಲಕ್ಷಣ ಎನಿಸಲಿಲ್ಲ.

ಒಂದು ಸಂಜೆ ಅವಳು ಮೆಟ್ಟಿಲಿಳಿದು ಬಂದವಳೇ ನನ್ನ ಬಚ್ಚಲಿಗೆ ಹೋಗಿ ವಾಂತಿ ಮಾಡಿದಳು. ನೀರು ಕೊಟ್ಟು ಕೂರಿಸಿದೆ. ಭವಾನಮ್ಮನ ಆಫೀಸಿನಿಂದ ಫೋನು ಬಂದಿತ್ತಂತೆ. ಅಬಿಡ್ಸ್‌ನ ಒಂದು ಸಭಾಂಗಣದಲ್ಲಿ ಕಾರ್ಯಕ್ರಮ. ತಂದೆ ತಾಯಿ ಇಬ್ಬರನ್ನೂ ಕರೆದುಕೊಂಡು ಬರಬೇಕು, ದಂಪತಿಗಳಿಗೆ ಭವಾನಮ್ಮ ತಮ್ಮ ಕೈಯಾರೆ ಹೊಸ ಬಟ್ಟೆ ಕೊಟ್ಟು ಅರಿಶಿನ ಕುಂಕುಮ ಹಚ್ಚುತ್ತಾರೆ.

"ಅದಕ್ಯಾಕ ವಾಂತಿ? ಅಪ್ಪ ಇಲ್ಲಂತ ಹೇಳಬೇಕಿತ್ತು."

"ಮೌಶಿ, ನಾ ಅಪ್ಪನ್ನ ಜೀವಂತ ಮಾಡೀನಿ."

ಅವಳು ಎಲ್ಲವನ್ನೂ ಹೇಳಿದಳು. "ಖರೇ ಮಾತು ಬಾಯಾಗ ಬಂದಿತ್ರಿ ಮೌಶಿ. ನುಂಗಿಬಿಟ್ಟೆ," ಎಂದಳು.

"ನಾಳೆ ಹೋಗಿ ಹೇಳಿಬಿಡು. ಏನ ಗಲ್ಲಿಗೆ ಹಾಕ್ತಾರ?"

"ಸೀಟು ಹೋಗತೈತ್ರಿ. ಸೀಟು ಹೋದ್ರ ಹೋಗ್ಲಿ. ಆಕಿ ಮಗಳು ನಿಶ್ಚಿತಾರ್ಥದ ದಿನ ಅದನ್ನ ಹಾಕ್ಕೊಂಡಾಳ ಮೌಶಿ. ಆಕಿ ಒಬ್ಬಾಕಿದ ಫೋಟೋ ಕಳಿಸ್ಯಾರ. ಈಗ ಹೆಂಗ ಹೇಳ್ಲಿ, ಗಂಡ ಸತ್ತಾಕಿ ಸೀರಿ ಅದು ಅಂತ?"

ಸಿಟ್ಟು ಬಂತು ನನಗೆ. ಸೀರೆಗೇನು ಗೊತ್ತು ಪ್ರಹ್ಲಾದನ ಎದೆಯೊಳಗಿನ ನಾಳ ಕಟ್ಟಿಕೊಂಡದ್ದು? ಬೆಳಿಗ್ಗೆ ಎರಡು ಪ್ಲೇಟು ಮಿರ್ಚಿ ಭಜಿ ತಿನ್ನುತ್ತಿದ್ದ, ಬೇಡವೆಂದರೆ ಕೇಳುತ್ತಿರಲಿಲ್ಲ. ಇದನ್ನೆಲ್ಲ ಹುಡುಗಿಯ ಮುಂದೆ ಜೋರಾಗಿಯೇ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿಯೂ ಸಣ್ಣಗೆ ನಡುಗಿದ್ದು ಅವಳಿಗೆ ಕೇಳಿಸಿರಬೇಕು. ಹೆದರಿಕೆ ಅಂಟುರೋಗ, ನನಗೂ ಅಂಟಿತ್ತು.

ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಮರುದಿನ ಮೇಲೆ ಹತ್ತಿ ಮಂದಾಕಿನಿಗೆ ಹೇಳಿಬಿಟ್ಟೆ. ಅವಳು ಮಷೀನು ನಿಲ್ಲಿಸಲಿಲ್ಲ. ಒಂದು ಸೀರೆಯ ಅಂಚು ಪೂರ್ತಿ ಓಡಿಸಿ, ದಾರ ಕಡಿದು, ಆಮೇಲೆ ಬಾಯಿಬಿಟ್ಟಳು.

"ಊರಿಗೆ ಹೋಗ್ಯಾರ ಅಂದ್ರ ಆತಲ್ರಿ, ಗೋದಾಬಾಯಾರ."

"ಮಂದಾಕಿನೀ!"

"ಹುಡುಗಿ ಈ ಚಾಪಿ ಮ್ಯಾಲೆ ಕೂಡಬಾರದ್ರಿ. ನಾ ಬರ್ತೀನಿ ಅಂತ ಆಕಿಗೆ ಹೇಳ್ರಿ."

ಕಾರ್ಯಕ್ರಮದ ದಿನ ನಾನು ಸಿದ್ಧವಾಗಿ ಬಾಗಿಲಲ್ಲಿ ನಿಂತಿದ್ದೆ. ಮಂದಾಕಿನಿ ಮೆಟ್ಟಿಲಿಳಿದು ಬಂದಳು. ಹಣೆಯಲ್ಲಿ ಕರಿ ತಿಕಲಿ ಇರಲಿಲ್ಲ. ಅಗಲವಾದ ಕುಂಕುಮ ಇತ್ತು. ಕೈತುಂಬ ಹಸಿರು ಬಳೆ, ಸೆರಗನ್ನು ಎರಡೂ ಭುಜದ ಮೇಲೆ ಎಳೆದು ಹೊದ್ದಿದ್ದಳು. ಹಿಂದೆ ಬರುತ್ತಿದ್ದ ಹರ್ಷದಾ ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದಳು.

"ಇದೇನ ಮಾಡ್ಕೊಂಡೀಯವ್ವಾ?" ಎಂದೆ.

"ಎರಡ ತಾಸಿನ ಮಾತ್ರಿ. ಆಮ್ಯಾಲೆ ತೊಳಕೋತೀನಿ."

ನನಗೆ ದೇವರು ದಿಂಡರ ಗೋಜು ಅಷ್ಟಿಲ್ಲ. ಆದರೂ ಆ ಕುಂಕುಮ ನೋಡಿ ರಾಯರನ್ನು ನೆನೆದೆ. ಆಟೋ ಹತ್ತಿದೆವು. ಕಾಚಿಗೂಡದಲ್ಲಿ ಸಂದಿಗೊಬ್ಬರು ನಮ್ಮವರು, ಯಾರಾದರೂ ನೋಡಿದರೆ ಏನು ಹೇಳುವುದೆಂದು ನಾನು ಅತ್ತಿತ್ತ ನೋಡುತ್ತಿದ್ದೆ. ಹರ್ಷದಾ ತಾಯಿಯ ಮುಖದ ಕಡೆ ಒಮ್ಮೆಯೂ ತಿರುಗಲಿಲ್ಲ. ಮಂದಾಕಿನಿ ನೆಟ್ಟಗೆ ಕೂತಿದ್ದಳು, ಹಳ್ಳ ಬಂದಾಗಲೆಲ್ಲ ಬಳೆ ಸದ್ದು ಮಾಡುತ್ತಿದ್ದವು. ಅವಳ ಕೈಯಲ್ಲಿ ಬಳೆಯ ಸದ್ದು ನಾವು ಕೇಳಿ ಮೂರು ವರ್ಷವಾಗಿತ್ತು.

ಸಭಾಂಗಣದ ಬಾಗಿಲಲ್ಲೇ ಭವಾನಮ್ಮ ಸಿಕ್ಕರು. ನಾನ್ನಗಾರು ಎಲ್ಲಿ ಎಂದು ಕೇಳಿದರು. ಮಂದಾಕಿನಿ ನಕ್ಕು, ಒಂದಿಷ್ಟೂ ತಡವರಿಸದೆ, "ಊರಿಕಿ ವೆಳ್ಳಾರಂಡಿ," ಎಂದಳು. ಊರಿಗೆ ಹೋಗಿದ್ದಾರೆ. ಹರ್ಷದಾ ನನ್ನ ಕೈ ಹಿಡಿದಳು. ಅವಳ ಉಗುರು ನನ್ನ ಅಂಗೈಗೆ ಚುಚ್ಚಿತು.

ವೇದಿಕೆಗೆ ಕರೆದರು. ತಾಯಿಯನ್ನೂ ಮಗಳನ್ನೂ ಅಕ್ಕಪಕ್ಕ ನಿಲ್ಲಿಸಿದರು, ನಾನು ಮೊದಲ ಸಾಲಿನಲ್ಲಿ ಕೂತಿದ್ದೆ. ಭವಾನಮ್ಮ ಬೆಳ್ಳಿ ಬಟ್ಟಲಿನಿಂದ ಅರಿಶಿನ ತೆಗೆದು ಮಂದಾಕಿನಿಯ ಕೆನ್ನೆಗೆ ಹಚ್ಚಿದರು, ಹಣೆಗೆ ಕುಂಕುಮ ಇಟ್ಟರು. ನಮ್ಮಲ್ಲಾದರೆ ಆಮೇಲೆ ಉಡಿ ತುಂಬುತ್ತಾರೆ, ಅಷ್ಟಕ್ಕೆ ಮುಗಿಯುತ್ತದೆ. ಮಂದಾಕಿನಿ ಉಡಿಗೆಂದು ಸೆರಗಿನ ತುದಿ ಮುಂದೆ ತಂದಳು. ಭವಾನಮ್ಮನ ಮನೆಯ ಪದ್ಧತಿ ಬೇರೆ. ಅವರು ಇನ್ನೊಂದು ಚಿಟಿಕೆ ಕುಂಕುಮ ತೆಗೆದುಕೊಂಡು ತಾಳಿಗೆ ಹಚ್ಚಲು ಅವಳ ಕೊರಳಿನ ಕಡೆ ಕೈ ಚಾಚಿದರು.

ಕೊರಳಿನಲ್ಲಿ ತಾಳಿ ಎಲ್ಲಿತ್ತು? ಕುಂಕುಮ ಹಚ್ಚಿಕೊಂಡವಳು, ಬಳೆ ತೊಟ್ಟವಳು, ಅಷ್ಟೊಂದು ಮಾಡಿಕೊಂಡವಳು ತಾಳಿಯ ವೇಷ ಹಾಕಲು ಒಪ್ಪಿರಲಿಲ್ಲ. ಸೆರಗು ಹೊದ್ದರೆ ಸಾಕೆಂದುಕೊಂಡಿದ್ದಳು. ಭವಾನಮ್ಮನ ಬೆರಳು ಸೆರಗನ್ನು ಸರಿಸುತ್ತಿತ್ತು. ಮಂದಾಕಿನಿ ಕಣ್ಣು ಮುಚ್ಚಿದಳು. ನಾನು ಏಳಲು ಹೊರಟೆ.

"ನಾನ್ನ ಲೇರಂಡಿ!"

ಅಪ್ಪ ಇಲ್ಲ. ಹೇಳಿದವಳು ಹರ್ಷದಾ. ಕುಕ್ಕರಿಗೆ ಹೆದರುವ ಹುಡುಗಿ ತಾಯಿಗೂ ಭವಾನಮ್ಮನಿಗೂ ನಡುವೆ ಬಂದು ನಿಂತು, ಆ ಚಾಚಿದ ಕೈಯನ್ನು ಹಿಡಿದುಕೊಂಡಿದ್ದಳು. ಮೈಕು ದೂರವಿತ್ತು, ಸಭೆಗೆ ಏನೂ ಕೇಳಿಸಲಿಲ್ಲ, ಮೊದಲ ಸಾಲಿನ ನಮಗೆ ಕೇಳಿಸಿತು. ಅವಳು ತೆಲುಗಿನಲ್ಲೇ ಮುಂದುವರಿಸಿದಳು, ತಂದೆ ಹೋಗಿ ಮೂರು ವರ್ಷವಾಯಿತು, ಸುಳ್ಳು ಹೇಳಿದವಳು ನಾನು, ನಮ್ಮವ್ವ ಅಲ್ಲ, ನನಗೆ ಏನೂ ಕೊಡಬೇಡಿ, ನಮ್ಮವ್ವನ ಕೊರಳು ಮಾತ್ರ ಮುಟ್ಟಬೇಡಿ.

ಭವಾನಮ್ಮನ ಮುಖದಲ್ಲಿ ರಕ್ತ ಉಳಿಯಲಿಲ್ಲ. ಬೈಯುತ್ತಾರೆಂದು ನಾನು ಕಾದೆ. ಅವರು ಮಂದಾಕಿನಿಯ ಸೆರಗನ್ನು ಮೊದಲಿದ್ದ ಹಾಗೆ ಎಳೆದು ಮುಚ್ಚಿ, ಇಬ್ಬರನ್ನೂ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಕರೆಯದಿದ್ದರೂ ನಾನು ಹಿಂದೆ ಹೋದೆ.

ಕೋಣೆಯಲ್ಲಿ ಆ ದೊಡ್ಡ ಸಂಸ್ಥೆಯ ಒಡತಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದು ಕೂತರು. ನನ್ನ ಮಗಳು ಅದನ್ನು ಹಾಕಿಕೊಂಡುಬಿಟ್ಟಿದ್ದಾಳಲ್ಲ ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಏನು ಮಾಡಬೇಕು ಈಗ, ನೀವೇ ಹೇಳಿ, ಎಂದು ಮಂದಾಕಿನಿಯ ಎರಡೂ ಕೈ ಹಿಡಿದುಕೊಂಡರು. ಹೆದರಿದ ಕಣ್ಣು ನನಗೆ ಗೊತ್ತು, ಮನೆಯ ಮೇಲೆಯೇ ಒಂದು ಜೊತೆ ಇದೆ. ಇವು ಅದಕ್ಕಿಂತ ಹೆಚ್ಚು ಹೆದರಿದ್ದವು.

ಕೊನೆಗೆ ಕೇಳಿದರು, "ಎನ್ನೇಳ್ಳು ಕಾಪುರಂ ಚೇಶಾರು?" ಎಷ್ಟು ವರ್ಷ ಸಂಸಾರ ಮಾಡಿದಿರಿ?

"ಇರವೈ ಏಳ್ಳಂಡಿ," ಎಂದಳು ಮಂದಾಕಿನಿ. ಇಪ್ಪತ್ತು ವರ್ಷ. ಆಮೇಲೆ ಅವಳಿಗೆ ತೆಲುಗು ಸಾಲದೆ ಕನ್ನಡಕ್ಕೆ ಹೊರಳಿದಳು. "ಭಾಳ ಚೊಲೋ ಇಟ್ಟಿದ್ರು ರಿ. ಭಾಳ ನಗಸ್ತಿದ್ರು."

ಭವಾನಮ್ಮನಿಗೆ ಎಷ್ಟು ತಿಳಿಯಿತೋ, ತಲೆಯಾಡಿಸಿದರು. ಹೊರಡುವಾಗ ಹರ್ಷದಾಳ ತಲೆಯ ಮೇಲೆ ಕೈ ಇಟ್ಟು, ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ, ಓದು, ಬಂದು ಕೆಲಸ ಕಲಿ ಎಂದರು. ಒಂದೇ ಒಂದು ಮಾತು ಕೇಳಿಕೊಂಡರು, ಅದನ್ನು ಕೇಳುವಾಗ ದನಿ ಇಳಿದಿತ್ತು. ನನ್ನ ಮಗಳಿಗೆ ಇದು ಯಾವತ್ತೂ ಗೊತ್ತಾಗಬಾರದು.

ಗೊತ್ತಾಗಲಿಲ್ಲ. ಆ ಹುಡುಗಿ ಮದುವೆಯ ಆರತಕ್ಷತೆಗೂ ಅದೇ ಜಾಕೆಟ್ ತೊಟ್ಟಳು, ತಾಯಿ ಬೇಡವೆಂದದ್ದಕ್ಕೆ ಕಾರಣ ಕೇಳಿದಳಂತೆ, ತಾಯಿಗೆ ಹೇಳಲಾಗಲಿಲ್ಲ. ಈಗ ಹರ್ಷದಾ ಬೆಳಿಗ್ಗೆ ಕಾಲೇಜು ಮುಗಿಸಿ ಮಧ್ಯಾಹ್ನ ಆ ಸಂಸ್ಥೆಗೆ ತರಬೇತಿಗೆ ಹೋಗುತ್ತಾಳೆ. ಅವಳು ಕತ್ತರಿಸಿದ ಉಡುಪು ಗಾಜಿನ ಹಿಂದೆ ಗೊಂಬೆಯ ಮೇಲೆ ನಿಂತದ್ದನ್ನು ನಾನೂ ಹೋಗಿ ನೋಡಿ ಬಂದೆ. ಭವಾನಮ್ಮನ ಮಗಳು ಆಗಾಗ ಅಲ್ಲಿಗೆ ಬಂದು, ನಿನ್ನ ಜಾಕೆಟ್ ನನಗೆ ಅದೃಷ್ಟ ತಂದಿತು ಎಂದು ಇವಳನ್ನು ಅಪ್ಪಿಕೊಳ್ಳುತ್ತಾಳೆ. ಅವಳ ಗಂಡನ ಹೆಸರು ತರುಣ. ಗಚ್ಚಿಬೌಲಿಯ ಕಡೆ ಯಾವುದೋ ಕಂಪನಿಯಲ್ಲಿದ್ದಾನೆ, ದೊಡ್ಡ ಮೋಟರ್‌ಸೈಕಲ್ಲಿನ ಮೇಲೆ ಹೋಗಿ ಬರುತ್ತಾನೆ.

ಹರ್ಷದಾ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮೇಲಿನಿಂದ ಮಂದಾಕಿನಿಯ ದನಿ ನನಗೆ ಕೇಳಿಸುತ್ತದೆ.

"ತರುಣ ಆರಾಮ ಅದಾನ?"

"ಆರಾಮ ಅದಾನವ್ವಾ."

ಆಮೇಲೆ ಮಂದಾಕಿನಿ ದೇವರ ಮುಂದೆ ದೀಪ ಹಚ್ಚುತ್ತಾಳೆ, ಅದಕ್ಕೂ ಮೊದಲು ಹಚ್ಚುವುದಿಲ್ಲ. ಹೋದ ತಿಂಗಳು ಅವನಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದರೆಂದು ಸುದ್ದಿ ಬಂದಾಗ ತಾಯಿ ಮಗಳು ಇಬ್ಬರೂ ಉಪವಾಸ ಬಿದ್ದರು. ಹರ್ಷದಾ ಫೋನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆಯೇ ಕೂತಿದ್ದಳು. ದೇವರ ಗೋಜಿಲ್ಲದ ನಾನೂ ಹೋಗಿ ರಾಯರ ಮಠದಲ್ಲಿ ಅವನ ಹೆಸರಿನಲ್ಲಿ ಅರ್ಚನೆ ಮಾಡಿಸಿದೆ. ಗೋತ್ರ ಯಾವುದೆಂದು ಭಟ್ಟರು ಕೇಳಿದರು. ನನಗೆ ಗೊತ್ತಿರಲಿಲ್ಲ. ಹುಡುಗ ನಮಗೆ ಏನಾಗಬೇಕೆಂದು ಕೇಳಿದರು. ಅವನ ಮುಖವನ್ನು ಕೂಡ ನಾವು ಒಬ್ಬರೂ ನೋಡಿಲ್ಲ ಎಂದು ಹೇಗೆ ಹೇಳಲಿ? ಮನೆಯವನೇ ಎಂದೆ.